ಕರಿಬಸಪ್ಪ ಮೇಷ್ಟ್ರ ಕೆಂಪು ಪೆನ್ಸಿಲು

ಕರಿಬಸಪ್ಪ ಮೇಷ್ಟ್ರು ಸುಮ್ಮನೆ ಒಂದು ಕಡೆ ಕೂತದ್ದನ್ನು ನಮ್ಮ ರಸ್ತೆಯಲ್ಲಿ ಯಾರೂ ಕಂಡಿರಲಿಲ್ಲ. ಕಾಫಿ ಕುಡಿಯುವಾಗಲೂ ನಡೆಯುತ್ತಿದ್ದರು, ಪೇಪರ್ ಓದುವಾಗಲೂ ನಡೆಯುತ್ತಿದ್ದರು. ಅವರ ಹೆಂಡತಿ ನೀಲಗಂಗಮ್ಮನವರು ಲೋಟ ಹಿಡಿದುಕೊಂಡು ಹಿಂದೆ ಹಿಂದೆ ಹೋಗಿ, "ನಿಂತ್ಕೊಂಡಾದ್ರೂ ಒಂದು ಗುಟುಕು ಕುಡೀರಿ, ಪುಣ್ಯ ಬರುತ್ತೆ" ಎಂದು ಗೋಗರೆಯುವುದು ರಾಜಾಜಿನಗರ ಎರಡನೇ ಬ್ಲಾಕಿನ ನಮ್ಮ ಬೀದಿಗೆ ದಿನಬೆಳಗಿನ ತಮಾಷೆಯಾಗಿತ್ತು. ಊಟಕ್ಕೆ ಮಾತ್ರ ಕೂರುತ್ತಿದ್ದರಂತೆ. ಅದೂ ಒಂದು ಮೊಣಕಾಲು ಎತ್ತಿಕೊಂಡು, ಹೊರಗೆ ರೈಲು ಕಾಯುತ್ತಿದೆಯೇನೋ ಎಂಬಂತೆ. ಅದೂ ಸಾಲದೆಂದು ದಿನವೂ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯವರೆಗೆ ನಡೆದು ಹೋಗಿ ಬರುತ್ತಿದ್ದರು. ಅಲ್ಲಿ ಯಾರಿದ್ದಾರೆ ಎಂದು ಕೇಳಿದರೆ, "ಯಾರೂ ಇಲ್ಲ" ಎನ್ನುತ್ತಿದ್ದರು.

ದಾವಣಗೆರೆ ಕಡೆಯವರು. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದರು. ಬಂದೂಕು ಹಿಡಿದದ್ದು ಕಡಿಮೆ, ಸೀಮೆಸುಣ್ಣ ಹಿಡಿದದ್ದೇ ಹೆಚ್ಚು. ಹಿಂದಿ ಬಿಟ್ಟು ಬೇರೆ ಭಾಷೆ ಬಾರದ ಜವಾನರಿಗೆ ಇಂಗ್ಲಿಷ್ ಕಲಿಸುವುದು ಅವರ ಕೆಲಸ. ನಿವೃತ್ತರಾಗಿ ಬಂದು ಇಲ್ಲಿ ಮನೆ ಹಿಡಿದ ಮೇಲೂ ಆ ಕೆಲಸ ಅವರನ್ನು ಬಿಡಲಿಲ್ಲ. ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಗಳಿಗೆ ಕಾನ್ಪುರ, ಝಾನ್ಸಿ ಕಡೆಯಿಂದ ಲೇತ್ ಕೆಲಸಕ್ಕೆಂದೋ ವಾಚ್‌ಮನ್ ಕೆಲಸಕ್ಕೆಂದೋ ಬಂದವರು ಸಂಜೆಯಾದರೆ ಅವರ ಅಂಗಳಕ್ಕೆ ಬರುತ್ತಿದ್ದರು. ಹತ್ತು ಹನ್ನೆರಡು ಜನ. ಬೆಂಚು ಇಲ್ಲ, ಚಾಪೆ ಇಲ್ಲ, ಎಲ್ಲರೂ ನಿಂತೇ ಕಲಿಯಬೇಕು. ಹುಡುಗರು ಅವರಿಗೆ ಪೆರೇಡ್ ಮೇಷ್ಟ್ರು ಎಂದು ಹೆಸರಿಟ್ಟಿದ್ದರು.

ನಾನು ಎದುರು ಮನೆಯ ಅನಂತಲಕ್ಷ್ಮಿ. ಆಗ ನನಗೆ ಇಪ್ಪತ್ತೆರಡು. ಟೈಪಿಂಗ್ ಸೀನಿಯರ್ ಪಾಸು ಮಾಡಿ, ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕಾರ್ಡು ಇಟ್ಟುಕೊಂಡು ಎರಡು ವರ್ಷದಿಂದ ಕಾಯುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಇದೆ. ಮೇಷ್ಟ್ರು ಹಿಂದಿಯವರಿಗಾಗಿ ಇಂಗ್ಲಿಷ್ ಪಾಠದ ಪುಸ್ತಕವೊಂದನ್ನು ಬರೆಯುತ್ತಿದ್ದರು. ಅದನ್ನು ಪ್ರತಿಗಳನ್ನು ತೆಗೆಯುವ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿಕೊಡುವ ಕೆಲಸ ನನಗೆ ಸಿಕ್ಕಿತು. ಅವರ ಮನೆಯ ವರಾಂಡದಲ್ಲಿ ಹಳೆಯದೊಂದು ಟೈಪ್‌ರೈಟರ್ ಇತ್ತು. ಇಂಗ್ಲಿಷ್ ವಾಕ್ಯಗಳನ್ನು ನಾನು ಕುಟ್ಟಿದ ಮೇಲೆ, ಪಕ್ಕದಲ್ಲಿ ಹಿಂದಿ ವಿವರಣೆಯನ್ನು ಅವರೇ ಮುಳ್ಳಿನ ಪೆನ್ನಿನಿಂದ ಗೀರುತ್ತಿದ್ದರು. ಅದನ್ನೂ ನಿಂತುಕೊಂಡೇ.

ಪುಸ್ತಕದ ಜೀವಾಳವೆಲ್ಲ ನಾಲ್ಕು ಪದ. ಕ್ಯಾನ್, ಮೇ, ಶುಡ್, ಮಸ್ಟ್. ನೀಲಗಂಗಮ್ಮನವರ ರಂಗೋಲಿಯ ಪಕ್ಕದಲ್ಲೇ ಸೀಮೆಸುಣ್ಣದಿಂದ ನಾಲ್ಕು ಚೌಕ ಎಳೆದು, ಒಂದೊಂದಕ್ಕೆ ಒಂದೊಂದು ಪದ ಬರೆದಿರುತ್ತಿದ್ದರು. ಯಾವ ಚೌಕದ ಮೇಲೆ ನಿಲ್ಲುತ್ತೀಯೋ ಆ ಪದ ಇಟ್ಟು ಒಂದು ವಾಕ್ಯ ಹೇಳಬೇಕು. ತಪ್ಪಿದರೆ ಅಲ್ಲೇ ನಿಂತಿರಬೇಕು. ಶಿಷ್ಯರಿಗೆ ಹಿಂದಿಯಲ್ಲಿ ಹೇಳಿದ್ದನ್ನೇ ನನಗೂ ಅರ್ಥವಾಗಲೆಂದು ಕನ್ನಡದಲ್ಲಿ ಹೇಳುತ್ತಿದ್ದರು.

"ಕ್ಯಾನ್ ಅಂದ್ರೆ ನಿನ್ನ ತೋಳಿನ ವಿಚಾರ. ಮೂಟೆ ಎತ್ತೋಕಾಗುತ್ತೋ ಇಲ್ವೋ ಅಷ್ಟೇ. ಮೇ ಅಂದ್ರೆ ಸಾಹೇಬನ ವಿಚಾರ. ಅವನು ಹೂಂ ಅಂದ್ರೆ ಉಂಟು. ಶುಡ್ ಅಂದ್ರೆ ಡಾಕ್ಟರ್ ವಿಚಾರ. ಒಳ್ಳೇದಕ್ಕೆ ಹೇಳ್ತಾನೆ, ಕೇಳೋದು ಬಿಡೋದು ನಿಂಗೆ ಸೇರಿದ್ದು. ಮಸ್ಟ್ ಅಂದ್ರೆ ಮನೆಗೆ ಬೆಂಕಿ ಬಿದ್ದಿದೆ, ಓಡ್ಲೇಬೇಕು."

ಹಿಂದಿಯವರಿಗೆ ಕಷ್ಟವಾಗುತ್ತಿದ್ದುದು ಅವರ 'ಚಾಹಿಯೇ' ಎಂಬ ಪದ. ಚಹಾ ಬೇಕು ಎನ್ನಲೂ ಅದೇ, ಔಷಧಿ ಕುಡಿಯಬೇಕು ಎನ್ನಲೂ ಅದೇ. ಹೀಗಾಗಿ ಮಿಠಾಯಿ ಅಂಗಡಿಯವನೊಬ್ಬ ಚೌಕದ ಮೇಲೆ ನಿಂತು ಗಟ್ಟಿಯಾಗಿ, "ಐ ಶುಡ್ ಟೀ" ಎನ್ನುತ್ತಿದ್ದ. ಇಂಗ್ಲಿಷೂ ಬಾರದ ಹಿಂದಿಯೂ ಬಾರದ ನೀಲಗಂಗಮ್ಮನವರು ಟೀ ಎಂಬುದೊಂದು ಕಿವಿಗೆ ಬಿದ್ದರೆ ಸಾಕು, ಒಳಗೆ ಹೋಗಿ ಕಾಸಿ ತಂದುಕೊಡುತ್ತಿದ್ದರು. ನಾನು ನಗುತ್ತಿದ್ದೆ. ನಮ್ಮದರಲ್ಲೂ ಎಲ್ಲದಕ್ಕೂ ಒಂದೇ 'ಬೇಕು' ಇರುವುದು ಆಮೇಲೆ ಹೊಳೆದು ನಗುವುದನ್ನು ಬಿಟ್ಟೆ.

ಇಷ್ಟು ಕೇಳಿದರೆ ತಮಾಷೆಯ ಮನುಷ್ಯ ಎನಿಸಬಹುದು. ಆದರೆ ಬರವಣಿಗೆಯ ವಿಷಯಕ್ಕೆ ಬಂದರೆ ಆತ ಬೇರೆಯೇ. ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದರು. ಯಾರಾದರೂ ಕಾಗದ ತಂದರೆ, ತಪ್ಪಿನ ಕೆಳಗೆ ಗೆರೆ ಎಳೆದು ವಾಪಸ್ಸು ಕೊಡುವುದು. ತಪ್ಪೇನೆಂದು ಹೇಳುವುದಿಲ್ಲ, ತಿದ್ದಿಕೊಡುವುದೂ ಇಲ್ಲ. "ಫಿರ್ ಸೇ" ಎನ್ನುತ್ತಿದ್ದರು, ಅಂದರೆ ಮತ್ತೆ ಬರೆ. ಇಡೀ ಹಾಳೆಯನ್ನು ಮೊದಲಿನಿಂದ ಬರೆಯಬೇಕು. ಇಷ್ಟು ಕಟ್ಟುನಿಟ್ಟು ಯಾಕೆ ಮೇಷ್ಟ್ರೇ ಎಂದು ಒಮ್ಮೆ ಕೇಳಿದೆ.

"ಇವರ ಇಂಗ್ಲಿಷ್ ನೋಡಿ ಆಫೀಸಲ್ಲಿ ನಗ್ತಾರೆ ಕಣಮ್ಮ. ನನ್ನ ಹುಡುಗರನ್ನ ನೋಡಿ ಯಾರೂ ನಗಬಾರ್ದು" ಎಂದರು.

ಆ ಮಾತು ನನಗೆ ಹಿಡಿಸಿತ್ತು. ಅದರ ಹಿಂದೆ ಇನ್ನೊಂದು ಕಥೆಯಿದೆ ಎಂದು ಗೊತ್ತಾದದ್ದು ಒಂದು ಮಧ್ಯಾಹ್ನ. ನೀಲಗಂಗಮ್ಮನವರು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತ ಕೂತಿದ್ದರು. ಮೇಷ್ಟ್ರು ಬಿಸಿಲಲ್ಲೇ ಸುಂಕದಕಟ್ಟೆಗೆ ಹೊರಟರು.

"ಇವ್ರಿಗೆ ಕಾಲು ನೋಯಲ್ವಾ ಅಕ್ಕ?" ಎಂದೆ.

"ನೋಯೋದು ಕಾಲಲ್ಲವ್ವ" ಎಂದು ಅವರು ಹೇಳತೊಡಗಿದರು.

ಹತ್ತು ವರ್ಷದ ಹಿಂದೆ ಉತ್ತರದ ಒಂದು ಕ್ಯಾಂಪಿನಲ್ಲಿ ಬಚನ್ ಸಿಂಗ್ ಎಂಬ ಗಢವಾಲದ ಜವಾನನೊಬ್ಬ ಮೇಷ್ಟ್ರ ಹತ್ತಿರ ಕಲಿಯುತ್ತಿದ್ದ. ತಾಯಿ ಹಾಸಿಗೆ ಹಿಡಿದಿದ್ದಾಳೆ ಎಂದು ಅವನಿಗೆ ಊರಿನಿಂದ ಕಾಗದ ಬಂತು. ನಿನ್ನ ಅರ್ಜಿ ನೀನೇ ಬರೆಯಬೇಕು ಎಂದು ಮೇಷ್ಟ್ರು ಕಲಿಸಿದ್ದರಲ್ಲ, ರಜೆಯ ಅರ್ಜಿಯನ್ನು ತಾನೇ ಇಂಗ್ಲಿಷಿನಲ್ಲಿ ಬರೆದು ತಂದು ತೋರಿಸಿದ. ಮೇಷ್ಟ್ರು ಗೆರೆ ಎಳೆದು ವಾಪಸ್ಸು ಕೊಟ್ಟರು. ಮಾರನೆಯ ದಿನ ಮತ್ತೆ ತಂದ, ಮತ್ತೆ ಗೆರೆ. ಹೀಗೆ ನಾಲ್ಕು ದಿನ ನಾಲ್ಕು ಸಲ. ಐದನೆಯ ದಿನ ಅರ್ಜಿ ಸರಿಯಾಯಿತು. ಅಷ್ಟರಲ್ಲಿ ಸಹಿ ಹಾಕಬೇಕಾದ ಸಾಹೇಬರು ಒಂದು ವಾರದ ಟೂರಿಗೆ ಹೋಗಿದ್ದರು. ಅವರು ಹಿಂದಿರುಗಿ ರಜೆ ಕೊಟ್ಟ ದಿನವೇ ತಾಯಿ ತೀರಿಕೊಂಡ ತಂತಿಯೂ ಬಂತು.

"ಊರಿಂದ ವಾಪಸ್ ಬಂದೋನು ಬೈಲಿಲ್ಲ, ಅಳ್ಲಿಲ್ಲ" ಎಂದರು ನೀಲಗಂಗಮ್ಮನವರು. "ಕ್ಲಾಸಿಗೆ ಬಂದು, ಕಡೇ ಅರ್ಜೀಲಿ ತಪ್ಪೇನೂ ಇರ್ಲಿಲ್ವಲ್ಲ ಗುರೂಜಿ ಅಂತ ಕೇಳಿದ್ನಂತೆ. ಕುಹಕಕ್ಕಲ್ಲ ಕಣವ್ವ, ನಿಜವಾಗ್ಲೂ ಕೇಳಿದ್ದು. ಅವತ್ತಿಂದ ಈ ಮನುಷ್ಯ ಒಂದು ಕಡೆ ಕೂತಿಲ್ಲ. ಅವನು ಬಿಟ್ಟುಹೋದ ಆ ನಾಲ್ಕು ಹಾಳೆ ಟ್ರಂಕಲ್ಲಿವೆ. ಎಸೀರಿ ಅಂದ್ರೆ ಕೇಳಲ್ಲ."

ನನಗೆ ಕಣ್ಣಲ್ಲಿ ನೀರು ಬರಲಿಲ್ಲ, ಸಿಟ್ಟು ಬಂತು. ಹೆತ್ತವಳಿಗೆ ಕಾಯಿಲೆ ಎಂದು ಒಬ್ಬ ಬರೆದು ತಂದರೆ ಅದರಲ್ಲಿ ವ್ಯಾಕರಣ ನೋಡುತ್ತಾರೆಯೇ? ಇಷ್ಟೆಲ್ಲ ಆದ ಮೇಲೂ ಕಿವಿಯ ಮೇಲೆ ಆ ಪೆನ್ಸಿಲ್ ಯಾಕೆ? ಆದರೆ ಸಂಜೆ ಅವರು ಧೂಳು ಹೊತ್ತು ಬಂದದ್ದನ್ನು ನೋಡಿದಾಗ ಕೇಳಲು ಬಾಯಿ ಬರಲಿಲ್ಲ. ಪುಸ್ತಕದಲ್ಲಿ ಆರು ಪಾಠ ಮುಗಿದಿತ್ತು. ಏಳನೆಯದು, ಮಾಡಬೇಕಾಗಿತ್ತು ಆದರೆ ಮಾಡಲಿಲ್ಲ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂಬ ಪಾಠ. ಅದನ್ನು ಕೊಡಿ ಎಂದು ನಾನು ಮೂರು ತಿಂಗಳಿಂದ ಕೇಳುತ್ತಿದ್ದೆ. ನಾಳೆ ಎನ್ನುತ್ತಿದ್ದರು. ಆ ದಿನದಿಂದ ಕೇಳುವುದನ್ನು ನಿಲ್ಲಿಸಿದೆ.

ಇದು ಎಪ್ಪತ್ತನಾಲ್ಕರ ಮಾತು. ಮೇ ತಿಂಗಳ ಮೊದಲ ಶನಿವಾರ. ಬರುವ ಬುಧವಾರದಿಂದ ದೇಶದಲ್ಲೆಲ್ಲ ರೈಲು ಮುಷ್ಕರ ಎಂದು ಪೇಪರಿನಲ್ಲಿ ಬಂದಿತ್ತು. ಬೆಳಿಗ್ಗೆ ಹತ್ತೂವರೆಗೆ ನಾನು ವರಾಂಡದಲ್ಲಿ ಟೈಪ್ ಮಾಡುತ್ತಿದ್ದೆ. ಮೇಷ್ಟ್ರ ಶಿಷ್ಯ ರಾಮ್‌ಸೇವಕ್ ಸೈಕಲ್ಲನ್ನು ಗೇಟಿಗೆ ಒರಗಿಸಿ ಒಳಗೆ ಓಡಿಬಂದ. ಝಾನ್ಸಿ ಹತ್ತಿರದ ಹಳ್ಳಿಯವನು, ಸ್ಟೌ ಬರ್ನರ್ ಮಾಡುವ ಕಾರ್ಖಾನೆಯಲ್ಲಿ ಲೇತ್ ಕೆಲಸ. ರಾತ್ರಿ ಪಾಳಿ ಮುಗಿಸಿ ರೂಮಿಗೆ ಹೋದವನಿಗೆ ತಂತಿ ಸಿಕ್ಕಿತ್ತು. ತಂದೆಗೆ ಸೀರಿಯಸ್ಸು, ಕೂಡಲೇ ಹೊರಡು ಎಂದಿತ್ತು. ತಂತಿಯನ್ನು ನನ್ನ ಮೇಜಿನ ಮೇಲಿಟ್ಟು, ಇನ್ನೊಂದು ಕೈಯಲ್ಲಿದ್ದ ನೋಟ್‌ಬುಕ್ ಹಾಳೆಯನ್ನು ಮೇಷ್ಟ್ರಿಗೆ ಕೊಟ್ಟ. ಅದು ರಜೆಯ ಅರ್ಜಿ.

ಲೆಕ್ಕ ಸ್ಪಷ್ಟವಾಗಿತ್ತು. ಭಾನುವಾರದ ರೈಲು ತಪ್ಪಿದರೆ ಬುಧವಾರದೊಳಗೆ ಝಾನ್ಸಿ ಸೇರುವುದಿಲ್ಲ, ಆಮೇಲೆ ರೈಲೇ ಇಲ್ಲ. ಅವನಿನ್ನೂ ಪ್ರೊಬೇಷನ್ನಿನಲ್ಲಿದ್ದವನು. ರಜೆ ಮಂಜೂರಾಗದೆ ಹೋದರೆ ಕೆಲಸ ಹೋಗುತ್ತದೆ. ಮಂಜೂರು ಮಾಡಬೇಕಾದವರು ಕಾರ್ಖಾನೆಯ ಪರ್ಸನಲ್ ಆಫೀಸರ್ ಪುರುಷೋತ್ತಮ. ಅರ್ಜಿ ಇಂಗ್ಲಿಷಿನಲ್ಲಿರಬೇಕು, ತಪ್ಪಿದ್ದರೆ ತೆಗೆದುಕೊಳ್ಳುವುದಿಲ್ಲ ಎಂಬುದು ಅವರ ಖಡಾಖಂಡಿತ ಮಾತು. ಶನಿವಾರ ಒಂದು ಗಂಟೆಗೆ ಅವರು ಮನೆಗೆ ಹೊರಟುಬಿಡುತ್ತಾರೆ.

ಮೇಷ್ಟ್ರು ಅರ್ಜಿ ಹಿಡಿದುಕೊಂಡು ಅಂಗಳದಲ್ಲಿ ಅತ್ತಿಂದಿತ್ತ ನಡೆದರು. ಕೈ ತಾನಾಗಿಯೇ ಕಿವಿಗೆ ಹೋಯಿತು. ನಾಲ್ಕು ಗೆರೆ ಬಿತ್ತು.

"ಫಿರ್ ಸೇ."

ರಾಮ್‌ಸೇವಕ್ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಮತ್ತೆ ಬರೆದ. ಹನ್ನೊಂದು ಗಂಟೆ ದಾಟಿತು. ಮತ್ತೆ ಮೂರು ಗೆರೆ, ಮತ್ತೆ ಫಿರ್ ಸೇ. ನಾನು ಕೀಲಿ ಒತ್ತುವುದನ್ನು ನಿಲ್ಲಿಸಿದೆ. ರಾತ್ರಿಯೆಲ್ಲ ಎಚ್ಚರವಿದ್ದವನು, ಮೂರನೆಯ ಸಲ ಬರೆಯುವಾಗ ಮೊದಲಿಲ್ಲದ ತಪ್ಪುಗಳೂ ಹೊಸದಾಗಿ ಬರುತ್ತಿದ್ದುವು. ಒಂದು ಪದ ಹೊಡೆದುಹಾಕುವುದು, ತಂತಿಯ ಕಡೆ ನೋಡುವುದು, ಇನ್ನೊಂದು ಪದ ಬರೆಯುವುದು. ಹನ್ನೆರಡು ಹೊಡೆಯಿತು. ಬಾಗಿಲಲ್ಲಿ ನೀಲಗಂಗಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅವರು ಬಾಯಿ ಬಿಡುತ್ತಾರೆ ಎಂದು ಕಾದೆ. ಇಪ್ಪತ್ತೈದು ವರ್ಷ ಬಾಳಿದವರಿಗೆ ಆಗದ್ದು ಎದುರು ಮನೆಯವಳಿಗೆ ಆಗುತ್ತದೆ. ಮೂರನೆಯ ಹಾಳೆ ಮೇಷ್ಟ್ರ ಕೈಗೆ ಬಂದು, ಪೆನ್ಸಿಲ್ ಕೆಳಗಿಳಿಯುವ ಹೊತ್ತಿಗೆ ನಾನು ಎದ್ದು ಹೋಗಿ ಆ ಪೆನ್ಸಿಲನ್ನು ಕಿತ್ತುಕೊಂಡು ಚರಂಡಿಗೆ ಎಸೆದೆ.

"ಇವನದ್ದೂ ಟ್ರಂಕಿಗೆ ಹಾಕ್ಕೋತೀರಾ ಮೇಷ್ಟ್ರೇ?"

ಹಿರಿಯರಿಗೆ ಹಾಗೆಲ್ಲ ಅನ್ನಬಾರದು. ನಮ್ಮಪ್ಪ ಕೇಳಿಸಿಕೊಂಡಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದರು. ಮೇಷ್ಟ್ರು ನನ್ನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದರು. ಆಮೇಲೆ ಖಾಲಿ ಕೈಯನ್ನು ನೋಡಿಕೊಂಡರು.

"ಗಂಟೆ ಎಷ್ಟು?"

"ಹನ್ನೆರಡೂ ಇಪ್ಪತ್ತು."

ಹಾಳೆಯನ್ನು ಓದದೆ ನಾಲ್ಕು ಮಡಿಕೆ ಮಡಿಚಿ ಜೇಬಿಗೆ ಹಾಕಿಕೊಂಡರು. "ಚಲೋ" ಎಂದರು. ರಾಮ್‌ಸೇವಕ್ ಸೈಕಲ್ ಹತ್ತಿದ, ಮೇಷ್ಟ್ರು ಪಕ್ಕದಲ್ಲಿ ನಡೆದರು. ಅದನ್ನು ನಡಿಗೆ ಎನ್ನುವುದು ಕಷ್ಟ. ರಸ್ತೆಯ ತಿರುವಿನಲ್ಲಿ ಸೈಕಲ್ಲೇ ಹಿಂದೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ.

ಐದಾರು ನಿಮಿಷ ಕಳೆದ ಮೇಲೆ ನೋಡುತ್ತೇನೆ, ತಂತಿ ನನ್ನ ಮೇಜಿನ ಮೇಲೇ ಇದೆ. ಅದಿಲ್ಲದೆ ಯಾವ ಆಫೀಸರು ನಂಬುತ್ತಾನೆ? ಎತ್ತಿಕೊಂಡು ಓಡಿದೆ. ಇಂಡಸ್ಟ್ರಿಯಲ್ ಎಸ್ಟೇಟಿನ ತಿರುವಿನಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಎರಡನ್ನೂ ಕೈಗೆ ತೆಗೆದುಕೊಂಡೆ. ಟಾರು ಕಾದು ಕಾಲು ಇಡಲಾಗುತ್ತಿರಲಿಲ್ಲ. ಲಂಗ ದಾವಣಿಯ ಕಾಲದಲ್ಲೂ ನಾನು ಹಾಗೆ ಓಡಿರಲಿಲ್ಲ. ದಾರಿಯಲ್ಲಿ ಯಾರೋ, "ಏನಾಯ್ತಮ್ಮಾ, ಕಳ್ಳನಾ?" ಎಂದು ಕೇಳಿದರು. ನಿಲ್ಲದೆ ಓಡಿದೆ.

ಕಾರ್ಖಾನೆಯ ಗೇಟು ಮುಟ್ಟುವಾಗ ಒಂದು ಗಂಟೆಯ ಸೈರನ್ನು ಕೂಗುತ್ತಿತ್ತು. ಗೇಟಿನ ಒಳಗೆ ಪುರುಷೋತ್ತಮ ಅವರು ಸ್ಕೂಟರ್ ಮೇಲೆ ಕೂತು, ರಾಮ್‌ಸೇವಕನ ಹಾಳೆಯನ್ನು ಕೈಯಲ್ಲಿ ಆಡಿಸುತ್ತಿದ್ದರು.

"ಇದೇನ್ರೀ ಇದು, ಅರ್ಜೀನೋ ಜಗಳಾನೋ? ಮಸ್ಟ್ ಗಿವ್ ಅಂತ ಬರ್ದಿದಾನೆ, ರಜ ಕೇಳ್ತಾನೋ ನಂಗೆ ಆರ್ಡರ್ ಮಾಡ್ತಾನೋ? ಸೋಮವಾರ ಸರಿಯಾಗಿ ಬರ್ಕೊಂಡ್ ಬರೋಕ್ ಹೇಳಿ."

ಸುತ್ತ ನಿಂತಿದ್ದ ಗುಮಾಸ್ತರಿಬ್ಬರು ನಕ್ಕರು. ಮೇಷ್ಟ್ರು ಸ್ಕೂಟರಿನ ಮುಂದೆ ಹೋಗಿ ನಿಂತರು. ಹಿಮ್ಮಡಿ ಜೋಡಿಸಿ, ಎದೆ ಸೆಟೆದು, ಎರಡು ಕೈಯೂ ತೊಡೆಗೆ ಹತ್ತಿಸಿ, ಅಟೆನ್ಷನ್ನಿನಲ್ಲಿ.

"ತಪ್ಪು ಅವನದ್ದಲ್ಲ ಸಾರ್, ಕಲಿಸಿದ್ದು ನಾನು. ನಗೋದಿದ್ರೆ ನನ್ನ ನೋಡಿ ನಗಿ. ಅವನ ತಂದೆ ಹಾಸಿಗೇಲಿದಾರೆ, ಅವನಿಗೆ ರಜ ಕೊಡಿ."

"ದಾರಿ ಬಿಡ್ರೀ."

ಮೇಷ್ಟ್ರು ಬಿಡಲಿಲ್ಲ. ಪಾಳಿ ಮುಗಿಸಿ ಬರುತ್ತಿದ್ದವರೆಲ್ಲ ಗುಂಪುಗೂಡಿದರು. ಸ್ಕೂಟರ್ ಎರಡು ಸಲ ಗುರುಗುಟ್ಟಿ ಮುಂದೆ ಬಂತು, ಅವರ ಮೊಣಕಾಲಿಗೆ ತಾಗಿ ನಿಂತಿತು. ಅವರ ಕಣ್ಣಿನ ರೆಪ್ಪೆ ಕೂಡ ಆಡಲಿಲ್ಲ. ಗೇಟಿನ ವಾಚ್‌ಮನ್ ಹಳೆಯ ಸಿಪಾಯಿ, ಮೇಷ್ಟ್ರ ಕ್ಲಾಸಿನವನೇ. ಅವನಿಗೇ ತಿಳಿಯದಂತೆ ಅವನೂ ಹಿಮ್ಮಡಿ ಜೋಡಿಸಿ ನಿಂತುಬಿಟ್ಟಿದ್ದ. ಕ್ಷಣಕ್ಕೊಂದು ಕಡೆ ಹೆಜ್ಜೆ ಹಾಕುವ ಮನುಷ್ಯ ಹೀಗೆ ಕಲ್ಲಾಗಿ ನಿಂತದ್ದನ್ನು ನೋಡಿ ನನಗೆ ಹೆದರಿಕೆಯಾಯಿತು. ಜನರ ನಡುವೆ ನುಗ್ಗಿ ತಂತಿಯನ್ನು ಆಫೀಸರ ಮುಂದೆ ಹಿಡಿದೆ.

ಅವರು ಓದಿದರು. ನನ್ನ ಬರಿಗಾಲನ್ನೂ ಕೈಯಲ್ಲಿದ್ದ ಚಪ್ಪಲಿಯನ್ನೂ ನೋಡಿದರು. "ಇದನ್ನ ಮೊದ್ಲೇ ತೋರ್ಸೋದಲ್ವೇನ್ರೀ" ಎಂದು ಗೊಣಗಿ ಸ್ಕೂಟರಿನಿಂದ ಇಳಿದರು. ಸೀಟಿನ ಮೇಲೆಯೇ ಹಾಳೆ ಇಟ್ಟು ಸಹಿ ಹಾಕಿದರು. ಹದಿನೈದು ದಿನ.

ರಾಮ್‌ಸೇವಕ್ ಭಾನುವಾರ ಹೊರಟ. ಬುಧವಾರ ರೈಲು ನಿಂತವು. ಅವನು ತಲುಪಿದನೋ ಇಲ್ಲವೋ, ಅಲ್ಲೇನಾಯಿತೋ, ಒಂದು ಸುದ್ದಿಯೂ ಇಲ್ಲ. ಮೇಷ್ಟ್ರ ನಡಿಗೆ ಹುಚ್ಚಿನ ಮಟ್ಟಕ್ಕೆ ಬಂತು. ದಿನಕ್ಕೆ ಎರಡು ಸಲ ಸುಂಕದಕಟ್ಟೆಗೆ ಹೋಗಿಬರತೊಡಗಿದರು. ಕ್ಲಾಸಿನಲ್ಲಿ ಪಾಠ ಅರ್ಧಕ್ಕೆ ಬಿಟ್ಟು ಗೇಟಿನ ಕಡೆ ನೋಡುತ್ತಿದ್ದರು. ನೀಲಗಂಗಮ್ಮನವರು ಲೋಟ ಹಿಡಿದು ಹಿಂದೆ ಹೋಗುವುದನ್ನೂ ಬಿಟ್ಟರು.

ಮುಷ್ಕರ ಮುಗಿದು, ಜೂನ್ ಎರಡನೆಯ ವಾರದಲ್ಲಿ ರಾಮ್‌ಸೇವಕ್ ಬಂದ. ಬೋಳಿಸಿದ ತಲೆಯಲ್ಲಿ ಕೂದಲು ಈಗಷ್ಟೇ ಮೊಳೆತಿತ್ತು. ಅವನು ಹೋದ ಮೇಲೆ ತಂದೆ ಒಂಬತ್ತು ದಿನ ಬದುಕಿದ್ದರಂತೆ. ಗುರುತು ಹಿಡಿದರಂತೆ. ಒಂಬತ್ತು ದಿನವೂ ತಾನೇ ಕೈಯಾರೆ ನೀರು ಕುಡಿಸಿದೆ ಎಂದ. ಮೇಷ್ಟ್ರ ಕಾಲು ಮುಟ್ಟಲು ಬಗ್ಗಿದ. ಅವರು ಬೆಂಕಿ ತಗುಲಿದವರಂತೆ ಹಿಂದೆ ಸರಿದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟು, ನಿಂತುಕೊಂಡು, ಏನೋ ಬರೆಯುತ್ತಿದ್ದರು. ಬಚನ್ ಸಿಂಗ್‌ಗೆ ಕಾಗದ. ಹಿಂದಿಯಲ್ಲಿ. ಹತ್ತು ವರ್ಷದಲ್ಲಿ ಮೊದಲನೆಯದು. ಬರೆದರು, ಓದಿದರು, ಹೊಸ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದರು, ಮುದುರಿ ಬುಟ್ಟಿಗೆ ಹಾಕಿದರು. ಮತ್ತೆ ಬರೆದರು. ಹೀಗೆ ಹನ್ನೆರಡು ದಿನ. ಬುಟ್ಟಿ ತುಂಬಿತು, ಕಾಗದ ಹೋಗಲಿಲ್ಲ. "ಪೋಸ್ಟ್ ಮಾಡಿ ಮೇಷ್ಟ್ರೇ" ಎಂದರೆ, "ಸರಿಯಾಗಿ ಬಂದಿಲ್ಲ ಕಣಮ್ಮ" ಎನ್ನುತ್ತಿದ್ದರು.

ಹದಿಮೂರನೆಯ ದಿನ ಅವರು ನಡೆಯಲು ಹೋದಾಗ ನಾನು ಬುಟ್ಟಿಯನ್ನು ನೆಲಕ್ಕೆ ಸುರಿದೆ. ಎಲ್ಲಕ್ಕಿಂತ ಕೆಳಗಿದ್ದದ್ದು ಮೊದಲ ದಿನದ್ದು. ಕೆಂಪು ಗೆರೆಗಳು, ಶಾಯಿಯ ಕಲೆ. ನನಗೆ ಹಿಂದಿ ಬಾರದು, ಏನಿತ್ತೋ ಇವತ್ತಿಗೂ ತಿಳಿಯದು. ಕೈಯಿಂದ ಸುಕ್ಕು ಸರಿಮಾಡಿದೆ. ನೀಲಗಂಗಮ್ಮನವರು ತಾವಾಗಿಯೇ ಟ್ರಂಕ್ ತೆಗೆದು ಹಳೆಯ ಅರ್ಜಿಯೊಂದನ್ನು ತಂದುಕೊಟ್ಟರು. ರಜೆಯಲ್ಲಿ ಎಲ್ಲಿರುತ್ತೇನೆ ಎಂದು ಬಚನ್ ಸಿಂಗ್ ತನ್ನ ಹಳ್ಳಿಯ ವಿಳಾಸವನ್ನು ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದ. ಕವರಿನ ಮೇಲೆ ಅದನ್ನೇ ಟೈಪ್ ಮಾಡಿ, ಮೂಲೆಯ ಅಂಚೆ ಡಬ್ಬಕ್ಕೆ ಹಾಕಿ ಬಂದೆ.

ಆಗಸ್ಟ್ ಕೊನೆಯಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಮೇಷ್ಟ್ರು ಕಳಿಸಿದವನ ಹೆಸರು ಓದಿದರು. ನನ್ನ ಕಡೆ ತಿರುಗಿದರು.

"ಯಾವುದನ್ನ ಕಳಿಸ್ದೆ?"

"ಮೊದಲನೇದು."

"ಅದರಲ್ಲಿ ತುಂಬ ತಪ್ಪಿತ್ತು."

"ಇತ್ತು ಮೇಷ್ಟ್ರೇ."

ಅಂಚು ಹರಿದು ಬಿಡಿಸಿದರು. ಅಂಗಳದಲ್ಲಿ ನಾಲ್ಕು ಹೆಜ್ಜೆ ಆ ಕಡೆ ಹೋದರು, ನಾಲ್ಕು ಹೆಜ್ಜೆ ಈ ಕಡೆ ಬಂದರು. ಆಮೇಲೆ ಮೆಟ್ಟಿಲ ಮೇಲೆ, ರಾಮ್‌ಸೇವಕ್ ಕೂತು ಬರೆದಿದ್ದ ಜಾಗದಲ್ಲೇ, ಕೂತುಕೊಂಡರು.

"ಏನಂತೆ?" ಎಂದರು ನೀಲಗಂಗಮ್ಮನವರು.

"ಇಬ್ಬರು ಮಕ್ಕಳಂತೆ. ಊರಲ್ಲಿ ಮನೆ ಕಟ್ಟಿಸಿದಾನಂತೆ. ದಸರಾ ಕಳೆದ ಮೇಲೆ ಬಾ ಅಂದಿದಾನೆ."

"ತಾಯಿ ವಿಚಾರ?"

"ಒಂದಕ್ಷರಾನೂ ಇಲ್ಲ ಕಣೇ. ಬಾ ಅಂದಿದಾನೆ ಅಷ್ಟೇ."

ನೀಲಗಂಗಮ್ಮನವರು ಕಾಫಿ ತಂದರು. ಮೇಷ್ಟ್ರು ಕೂತೇ ಕುಡಿದರು. ಕಣ್ಣಿನಿಂದ ಲೋಟಕ್ಕೆ ಎರಡು ಹನಿ ಬಿದ್ದುದನ್ನು ನಾವಿಬ್ಬರೂ ನೋಡಿಯೂ ನೋಡದವರಂತೆ ಇದ್ದೆವು.

ಏಳನೆಯ ಪಾಠ ಬರೆಯಲೇ ಇಲ್ಲ, ಪುಸ್ತಕವೂ ಆಗಲಿಲ್ಲ. ಆರು ಪಾಠದ ಹಾಳೆಗಳು ಈಗಲೂ ನನ್ನ ಬೀರುವಿನಲ್ಲಿವೆ. ದಸರಾ ಮುಗಿದ ವಾರ ಮೇಷ್ಟ್ರು ನನ್ನನ್ನು ಕರೆದು, ಇಪ್ಪತ್ತು ದಿನ ಕ್ಲಾಸಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ನೋಟೀಸು ಟೈಪ್ ಮಾಡು ಎಂದರು. ಹೊರಡುವ ಗಡಿಬಿಡಿ, ನನ್ನ ಬೆರಳು ತಡವರಿಸಿ ಎರಡು ತಪ್ಪು ಬಿದ್ದವು. ಇನ್ನೊಂದು ಹಾಳೆ ಹಾಕುತ್ತೇನೆ ಎನ್ನುವಷ್ಟರಲ್ಲಿ ಅವರು ಅದನ್ನು ಎಳೆದುಕೊಂಡು, ಓದದೆಯೇ ಗೋಂದು ಹಚ್ಚಿ ಗೇಟಿಗೆ ಅಂಟಿಸಿದರು. ಟ್ರಂಕ್ ಎತ್ತಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು.